ಉಡುಪಿ ಮಲ್ಲಿಗೆಯ ಪರಿಮಳ ಬಿಡಿಸುವುದು ಹೇಗೆ: ಎರಡು ಆಯಾಮದ ಗ್ಯಾಸ್ ಕ್ರೊಮ್ಯಾಟೋಗ್ರಫಿ ಹದಗೊಳಿಸುವವರಿಗೆ ಸಮಗ್ರ ಮಾರ್ಗದರ್ಶಿ

ಗ್ಯಾಸ್ ಕ್ರೊಮ್ಯಾಟೋಗ್ರಫಿಯೆಂದರೆ ಆವಿಯಾದ ಮಿಶ್ರಣವನ್ನು ಅನಿಲದೊಂದಿಗೆ, ಒಳಗೆ ಪದರ ಬಳಿದ ಉದ್ದನೆಯ ಸಣ್ಣ ಕೊಳವೆಯಲ್ಲಿ, ಅಂದರೆ ಕಾಲಮ್‌ನಲ್ಲಿ, ಹರಿಸಿ ಘಟಕಗಳನ್ನು ಒಂದೊಂದಾಗಿ ಹೊರತರುವ ವಿಧಾನ. ಲಿನಲೂಲ್ ಮಲ್ಲಿಗೆಯ ಪರಿಮಳದ ಮುಖ್ಯ ಆಲ್ಕೋಹಾಲ್. ನೋನನಾಲ್ ಗಾಳಿಯಿಂದಲೂ ನಮ್ಮ ಚರ್ಮದಿಂದಲೂ ಮಾದರಿಗೆ ಬಂದು ಸೇರುವ ಆಲ್ಡಿಹೈಡ್. ಅಂಡೆಕೇನ್ ಹನ್ನೊಂದು ಇಂಗಾಲಗಳ ಸರಳ ಹೈಡ್ರೋಕಾರ್ಬನ್. ಒಂದಕ್ಕೊಂದು ಹೋಲಿಕೆಯಿಲ್ಲದ ಈ ಮೂರೂ 5% ಫೀನೈಲ್ ಎಂಬ ಅಧ್ರುವೀಯ ಪದರದ ಕಾಲಮ್‌ನಲ್ಲಿ 1100ರ ಆಸುಪಾಸಿನ ರಿಟೆನ್ಷನ್ ಸೂಚ್ಯಂಕದಲ್ಲಿ (ಹೊರಬರುವ ಹೊತ್ತನ್ನು ಸರಳ ಹೈಡ್ರೋಕಾರ್ಬನ್‌ಗಳಿಗೆ ಹೋಲಿಸಿ ಕೊಡುವ ಅಂಕಿ), ಹೆಚ್ಚುಕಡಿಮೆ ಒಂದೇ ಗಳಿಗೆಗೆ ಹೊರಬರುತ್ತವೆ. ಲಿನಲೂಲ್ ರಾಶಿಯಾಗಿರುವ ಹೂವಿನಲ್ಲಿ ಉಳಿದೆರಡು ಅದರ ಬುಡದಲ್ಲಿ ಹೂತುಹೋಗುತ್ತವೆ. ಅದೇ ಮಿಶ್ರಣವನ್ನು ವ್ಯಾಕ್ಸ್ ಎಂಬ ಧ್ರುವೀಯ ಪದರದ ಕಾಲಮ್‌ಗೆ ಹಾಕಿದರೆ ಅಂಡೆಕೇನ್ 1100ರಲ್ಲೇ ಉಳಿಯುತ್ತದೆ, ನೋನನಾಲ್ ಸುಮಾರು 1390ಕ್ಕೂ ಲಿನಲೂಲ್ ಸುಮಾರು 1545ಕ್ಕೂ ಸರಿಯುತ್ತದೆ. ಹಾಗಾದರೆ ವ್ಯಾಕ್ಸ್ ಒಂದೇ ಸಾಕಲ್ಲವೇ? ಸಾಲದು. ಅಲ್ಲಿ ಬೇರೆ ಜೋಡಿಗಳು ಒಂದರ ಮೇಲೊಂದು ಬಂದು ಕೂರುತ್ತವೆ. ನೂರಾರು ಘಟಕಗಳಿರುವ ಪರಿಮಳದಲ್ಲಿ ಎಲ್ಲವನ್ನೂ ಬಿಡಿಸಬಲ್ಲ ಒಂಟಿ ಕಾಲಮ್ ಇಲ್ಲ.

ಎರಡು ಬಗೆಯ ಕಾಲಮ್‌ಗಳನ್ನು ಸಾಲಾಗಿ ಜೋಡಿಸಿ, ಮೊದಲನೆಯದರಿಂದ ಬಂದದ್ದನ್ನು ಸಣ್ಣ ಸಣ್ಣ ಹೋಳುಗಳಾಗಿ ಹಿಡಿದು ಎರಡನೆಯದಕ್ಕೆ ಚಿಮ್ಮಿಸುವ ವಿಧಾನವನ್ನು ಜಾನ್ ಫಿಲಿಪ್ಸ್ ಮತ್ತು ಝಾಯೂ ಲಿಯು 1991ರಲ್ಲಿ ತೋರಿಸಿಕೊಟ್ಟರು. ಹೋಳು ಮಾಡುವ ಭಾಗಕ್ಕೆ ಮಾಡ್ಯುಲೇಟರ್ ಎಂದು ಹೆಸರು. ಉಪಕರಣ ಕೈಗೆ ಬಂದೊಡನೆ ಹೆಚ್ಚಿನವರು ಈ ಮಾಡ್ಯುಲೇಟರ್‌ನ ಗುಂಡಿಗಳಿಗೇ ಕೈಹಾಕುತ್ತಾರೆ. ನನ್ನ ಮಾತು ಬೇರೆ. ಮೊದಲ ಕಾಲಮ್‌ನಿಂದ ಹೊರಬರುವ ಪೀಕ್, ಅಂದರೆ ಒಂದು ಘಟಕ ಹೊರಬರುವಾಗ ಗೆರೆಯಲ್ಲಿ ಮೂಡುವ ಉಬ್ಬು, ಎಷ್ಟು ಸೆಕೆಂಡು ಅಗಲವಿದೆ ಎಂಬ ಒಂದು ಅಂಕಿಯನ್ನು ಮೊದಲು ಅಳೆಯಿರಿ. ಮಾಡ್ಯುಲೇಷನ್ ಅವಧಿ (ಒಂದೊಂದು ಹೋಳಿನ ಹೊತ್ತು), ಕಾಲಮ್ ಇರುವ ಓವನ್‌ನ ತಾಪಮಾನದ ಏರಿಕೆ, ಎರಡನೇ ಕಾಲಮ್‌ನ ಉದ್ದ, ಡಿಟೆಕ್ಟರ್‌ನ ವೇಗ ಎಲ್ಲವೂ ಆ ಅಂಕಿಯ ಬೆನ್ನಿಗೇ ಬರುತ್ತವೆ. ಸುರತ್ಕಲ್, ಮಣಿಪಾಲ, ಕೊಣಾಜೆಯ ಕಡೆ ಪ್ರಯೋಗಾಲಯಗಳಲ್ಲಿ ದುಡಿಯುವ ಕಿರಿಯರನ್ನು ಮನಸ್ಸಿನಲ್ಲಿಟ್ಟುಕೊಂಡು, ನಮ್ಮದೇ ಶಂಕರಪುರದ ಮಲ್ಲಿಗೆಯನ್ನು ಮಾದರಿಯಾಗಿ ಹಿಡಿದು ಈ ಕ್ರಮವನ್ನು ವಿವರಿಸುತ್ತೇನೆ.

ಮೊದಲು ಒಂದು ಪ್ರಶ್ನೆ: ಇದು ನಿಮಗೆ ಬೇಕೇ?

ನಿಮಗೆ ಬೇಕಾದದ್ದು ಎರಡೋ ಮೂರೋ ಘಟಕಗಳ ಪ್ರಮಾಣ ಮಾತ್ರವಾದರೆ ಇಡೀ ಮಿಶ್ರಣವನ್ನು ಹರಡಿ ನೋಡುವ ಅಗತ್ಯವಿಲ್ಲ. ಡೀನ್ಸ್ 1968ರಲ್ಲಿ ವಿವರಿಸಿದ, ಒತ್ತಡದ ಸಮತೋಲನದಿಂದ ಹರಿವನ್ನು ತಿರುಗಿಸುವ ಸ್ವಿಚ್ ಇಂದಿಗೂ ಒಳ್ಳೆಯ ಸಾಧನ. ಮೊದಲ ಕಾಲಮ್‌ನ ಒಂದು ಸಣ್ಣ ತುಂಡನ್ನು ಮಾತ್ರ ಕತ್ತರಿಸಿ, ಪೂರ್ಣ ಉದ್ದದ ಎರಡನೇ ಕಾಲಮ್‌ಗೆ ಕಳಿಸುತ್ತದೆ. ಲಿನಲೂಲ್‌ನ ಎಡ-ಬಲ ರೂಪಗಳ ಅನುಪಾತ ತಿಳಿದು, ಪರಿಮಳ ಹೂವಿನದೋ ಕಾರ್ಖಾನೆಯದೋ ಎಂದು ಪರೀಕ್ಷಿಸುವ ಕೆಲಸಕ್ಕೆ ಕೈರಲ್ ಕಾಲಮ್ ಜೊತೆಗೆ ಇದೇ ಸರಿಯಾದ ದಾರಿ. ಪರಿಮಳದ ಪೂರ್ಣ ನಕಾಶೆ ಬೇಕೆಂದಾಗ, ಏನಿದೆ ಎಂದೇ ತಿಳಿಯದ ಮಾದರಿ ಬಂದಾಗ, ಮುಂದೆ ಓದಿ.

ಹೆಜ್ಜೆ 1: ಮಾದರಿ

ಉಡುಪಿ ಮಲ್ಲಿಗೆಯ ಮೊಗ್ಗನ್ನು ಬೆಳಿಗ್ಗೆ ಕೊಯ್ಯುತ್ತಾರೆ, ಅದು ಅರಳುವುದು ಸಂಜೆಗೆ. ಬಿರಿಯುವ ಹೊತ್ತಿಗೆ ಪರಿಮಳದ ಪ್ರಮಾಣವೂ ಘಟಕಗಳ ಅನುಪಾತವೂ ಬದಲಾಗುತ್ತವೆ. ಆದ್ದರಿಂದ ಕೊಯ್ದ ಹೊತ್ತು, ಮಾದರಿ ಹಿಡಿದ ಹೊತ್ತು ಎರಡನ್ನೂ ಬರೆದಿಡದೆ ಎರಡು ತೋಟಗಳ ಹೂವನ್ನು ಹೋಲಿಸಲು ಹೋಗಬಾರದು. ಮಾರುಕಟ್ಟೆಯಿಂದ ತಂದ ಕಟ್ಟಿದ ಹೂವಿನ ಚೆಂಡನ್ನು ಹಾಗೆಯೇ ಬಾಟಲಿಗೆ ತುರುಕಬೇಡಿ. ಕಟ್ಟಿದ ಬಾಳೆನಾರಿಗೂ ಸುತ್ತಿದ ಎಲೆಗೂ ಅವುಗಳದೇ ಆವಿ ಇದೆ. ಹೂವನ್ನು ಇಕ್ಕಳದಿಂದ ಬಿಡಿಸಿ, ಎಣಿಸಿ, ತೂಗಿ 20 ಮಿಲಿಲೀಟರ್ ಬಾಟಲಿಗೆ ಹಾಕಿ. ಬರಿಯ ನಾರಿನ ಒಂದು ಬಾಟಲಿ, ಏನೂ ಹಾಕದ ಒಂದು ಬಾಟಲಿಯನ್ನೂ ಅದೇ ಕ್ರಮದಲ್ಲಿ ಓಡಿಸಿ. ಖಾಲಿ ಬಾಟಲಿಯಲ್ಲಿ ನೋನನಾಲ್ ಕಂಡರೆ ಆಶ್ಚರ್ಯಪಡಬೇಡಿ. ಅದನ್ನು ಹೂವಿನ ಲೆಕ್ಕಕ್ಕೆ ಸೇರಿಸದಿದ್ದರೆ ಸಾಕು.

ಬಾಟಲಿಯೊಳಗಿನ ಆವಿಯನ್ನು ಹೀರಿ ಉಪಕರಣಕ್ಕೆ ಒಯ್ಯುವ ಎಸ್‌ಪಿಎಂಇ ಎಳೆ ಎಲ್ಲವನ್ನೂ ಸಮನಾಗಿ ಹೀರುವುದಿಲ್ಲ ಎಂಬುದು ನೆನಪಿರಲಿ. ಅದರ ಅಂಕಿಗಳು ಹೋಲಿಕೆಗೆ ಸರಿ, ಹೂವಿನೊಳಗಿನ ನಿಜವಾದ ಪ್ರಮಾಣಕ್ಕಲ್ಲ. ತಾಪಮಾನವನ್ನು 30ರಿಂದ 35 ಡಿಗ್ರಿಯ ನಡುವೆ ಇಡಿ; 60ಕ್ಕೆ ಏರಿಸಿದರೆ ಬೆಂದ ಹೂವಿನ ವಾಸನೆಯನ್ನು ಅಳೆಯುತ್ತೀರಿ.

ಹೆಜ್ಜೆ 2: ಕಾಲಮ್ ಜೋಡಿ

ಮಲ್ಲಿಗೆಗೆ ನಾನು ಸೂಚಿಸುವುದು ಇದನ್ನು: ಮೊದಲನೆಯದು 30 ಮೀಟರ್ ಉದ್ದ, 0.25 ಮಿಲಿಮೀಟರ್ ಒಳವ್ಯಾಸ, 0.25 ಮೈಕ್ರೋಮೀಟರ್ ಪದರದ 5% ಫೀನೈಲ್. ಎರಡನೆಯದು ಒಂದೂವರೆ ಮೀಟರ್ ಉದ್ದ, 0.1 ಮಿಲಿಮೀಟರ್ ಒಳವ್ಯಾಸ, 0.1 ಮೈಕ್ರೋಮೀಟರ್ ಪದರದ ವ್ಯಾಕ್ಸ್. ಮೊದಲನೆಯದು ಮುಖ್ಯವಾಗಿ ಕುದಿಬಿಂದುವಿನ ಕ್ರಮದಲ್ಲಿ ಬಿಡಿಸುತ್ತದೆ. ಎರಡನೆಯದರಲ್ಲಿ ಪ್ರತಿ ಹೋಳೂ ಕೆಲವೇ ಸೆಕೆಂಡು ಇರುವುದರಿಂದ ಆ ಹೊತ್ತಿಗೆ ತಾಪಮಾನ ಸ್ಥಿರವೆಂದೇ ಹೇಳಬೇಕು. ಕುದಿಬಿಂದು ಒಂದೇ ಆದವು ಒಟ್ಟಿಗೆ ಬಂದಿರುವುದರಿಂದ ಅಲ್ಲಿ ಉಳಿಯುವುದು ಧ್ರುವೀಯತೆಯ ವ್ಯತ್ಯಾಸ ಮಾತ್ರ. ಮೊದಲ ಕಾಲಮ್‌ನ ಸಮಯವನ್ನು (ಮೊದಲ ಆಯಾಮ) ಅಡ್ಡಕ್ಕೂ ಎರಡನೆಯದರ ಸಮಯವನ್ನು (ಎರಡನೇ ಆಯಾಮ) ಮೇಲ್ಮುಖವಾಗಿಯೂ ಇಟ್ಟು ಬಿಡಿಸಿದ ಚಿತ್ರದಲ್ಲಿ ಹೈಡ್ರೋಕಾರ್ಬನ್‌ಗಳು ಕೆಳಗೆ, ಎಸ್ಟರ್ ಮತ್ತು ಆಲ್ಡಿಹೈಡ್‌ಗಳು ನಡುವೆ, ಆಲ್ಕೋಹಾಲ್‌ಗಳು ಅವುಗಳ ಮೇಲೆ, ಇಂಡೋಲ್ ತೀರಾ ಮೇಲೆ. ಹೀಗೆ ಒಂದು ವರ್ಗದ ಘಟಕಗಳೆಲ್ಲ ಒಂದೇ ಪಟ್ಟಿಯಲ್ಲಿ ಸಾಲುಗೂಡುತ್ತವೆ. ಹೆಸರು ತಿಳಿಯದ ಪೀಕ್ ಯಾವ ಕುಲದ್ದೆಂದು ಅದು ನಿಂತ ಜಾಗವೇ ಸುಳಿವು ಕೊಡುತ್ತದೆ.

ವ್ಯಾಕ್ಸ್‌ನ ಮಿತಿ ಅದರ ತಾಪಮಾನ. ಸಾಮಾನ್ಯವಾಗಿ 250 ಡಿಗ್ರಿಯ ಹತ್ತಿರ ಅದು ಒಡೆದು ಸೋರತೊಡಗುತ್ತದೆ. ಮಲ್ಲಿಗೆಯ ಭಾರದ ಘಟಕಗಳೂ ಅದಕ್ಕೆ ಮೊದಲೇ ಹೊರಬರುವುದರಿಂದ ಇಲ್ಲಿ ತೊಂದರೆಯಿಲ್ಲ. ಇನ್ನೂ ಭಾರದ ಮಾದರಿಯಾದರೆ 50% ಫೀನೈಲ್ ಕಾಲಮ್‌ಗೆ ಹೋಗಿ.

ಎರಡು ಕಾಲಮ್ ಕೂಡುವ ಸಂದಿಯನ್ನು ಕಡೆಗಣಿಸಬೇಡಿ. ತುದಿಯನ್ನು ನೇರವಾಗಿ ಕತ್ತರಿಸಿ, ಭೂತಗನ್ನಡಿಯಲ್ಲಿ ನೋಡಿ, ಚೂರು ಸೀಳಿದ್ದರೂ ಮತ್ತೆ ಕತ್ತರಿಸಿ. ಎರಡನೇ ಆಯಾಮದಲ್ಲಿ ಪೀಕ್‌ನ ಅಗಲ ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು. ಹಳೆಯ ಉಪಕರಣದಲ್ಲಿ ಗಮನಕ್ಕೇ ಬಾರದ ಸಂದಿನ ಖಾಲಿ ಜಾಗ ಇಲ್ಲಿ ಪ್ರತಿ ಪೀಕ್‌ಗೂ ಬಾಲ ಅಂಟಿಸುತ್ತದೆ.

ಹೆಜ್ಜೆ 3: ಮಾಡ್ಯುಲೇಟರ್ ನಿಲ್ಲಿಸಿ ಮೊದಲ ಓಟ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದೇ, ಹೆಚ್ಚಾಗಿ ಬಿಟ್ಟುಹೋಗುವುದೂ ಇದೇ. ಮಾಡ್ಯುಲೇಟರ್ ಅನ್ನು ಪೂರ್ತಿ ನಿಲ್ಲಿಸಿ. ಓವನ್ 50 ಡಿಗ್ರಿಯಲ್ಲಿ ಎರಡು ನಿಮಿಷ ನಿಂತು, ನಿಮಿಷಕ್ಕೆ 3 ಡಿಗ್ರಿಯಂತೆ 230ಕ್ಕೆ ಏರಲಿ. ಮಾದರಿಯನ್ನು ಹೊತ್ತೊಯ್ಯುವ ಹೀಲಿಯಂ ನಿಮಿಷಕ್ಕೆ 1 ಮಿಲಿಲೀಟರ್, ಸ್ಥಿರ ಹರಿವು. ಹೂವಿನ ಮಾದರಿಯ ಬದಲು ಅಂಡೆಕೇನ್‌ನಂಥ ಸರಳ ಆಲ್ಕೇನ್‌ಗಳ ಸರಣಿಯನ್ನು ತೆಳುವಾಗಿ ಚುಚ್ಚಿ. ಹೊರಬಂದ ಪೀಕ್‌ಗಳ ಬುಡದ ಅಗಲವನ್ನು ಸೆಕೆಂಡಿನಲ್ಲಿ ಅಳೆದು ಬರೆದುಕೊಳ್ಳಿ. ಆರಂಭದ, ನಡುವಿನ, ಕೊನೆಯ ಒಂದೊಂದು ಪೀಕ್ ಸಾಕು.

ಈ ಅಗಲ 12 ಸೆಕೆಂಡು ಬಂತೆಂದು ಇಟ್ಟುಕೊಳ್ಳೋಣ. ಮರ್ಫಿ, ಶೂರ್ ಮತ್ತು ಫೋಲಿ 1998ರಲ್ಲಿ ತೋರಿಸಿದಂತೆ, ಮೊದಲ ಆಯಾಮದಲ್ಲಿ ಬಿಡಿಸಿಟ್ಟದ್ದು ಮತ್ತೆ ಕಲಸಿಹೋಗದಿರಬೇಕಾದರೆ ಒಂದು ಪೀಕ್‌ನಿಂದ ಕನಿಷ್ಠ ಮೂರು-ನಾಲ್ಕು ಹೋಳು ಆಗಬೇಕು. 12ನ್ನು ಮೂರರಿಂದ ಭಾಗಿಸಿದರೆ 4 ಸೆಕೆಂಡು. ಅದು ನಿಮ್ಮ ಮಾಡ್ಯುಲೇಷನ್ ಅವಧಿ. ಬೇಗ ಮುಗಿಯಲೆಂದು ಓವನ್ ಅನ್ನು ನಿಮಿಷಕ್ಕೆ 8 ಡಿಗ್ರಿಗೆ ಏರಿಸಿ ಅಗಲ 6 ಸೆಕೆಂಡಿಗೆ ಇಳಿಯಿತೆನ್ನಿ: ಅದೇ 4 ಸೆಕೆಂಡಿನ ಅವಧಿಯಲ್ಲಿ ಒಂದೂವರೆ ಹೋಳು. ಆಗ ಮೂವತ್ತು ಮೀಟರ್ ಕಾಲಮ್ ಕಷ್ಟಪಟ್ಟು ಬಿಡಿಸಿದ ಎರಡು ನೆರೆಯ ಪೀಕ್‌ಗಳು ಒಂದೇ ಹೋಳಿನಲ್ಲಿ ಸೇರಿಬಿಡುತ್ತವೆ. ಚಿತ್ರ ಬಣ್ಣಬಣ್ಣವಾಗಿಯೇ ಕಾಣುತ್ತದೆ, ಆದರೆ ಮೊದಲ ಆಯಾಮ ಹೆಸರಿಗಷ್ಟೇ ಉಳಿದಿರುತ್ತದೆ.

ಒಂಟಿ ಕಾಲಮ್‌ನಲ್ಲಿ ದುಡಿದು ಬಂದವರಿಗೆ ಪೀಕ್ ಅನ್ನು ಬೇಕೆಂದೇ ಅಗಲ ಮಾಡುವುದು ತಪ್ಪೆನಿಸುತ್ತದೆ. ಇಲ್ಲಿ ಅದೇ ಸರಿ. ಲೆಕ್ಕ ನೋಡಿ: 60 ನಿಮಿಷದ ಏರಿಕೆಯಲ್ಲಿ 12 ಸೆಕೆಂಡಿನ ಪೀಕ್‌ಗಳು 300 ಹಿಡಿಯುತ್ತವೆ. ಪ್ರತಿ 4 ಸೆಕೆಂಡಿನ ಕಿಟಕಿಯಲ್ಲಿ 0.2 ಸೆಕೆಂಡಿನ ಪೀಕ್‌ಗಳು 20 ಹಿಡಿಯುತ್ತವೆ. ಗುಣಿಸಿದರೆ 6,000 ಜಾಗ. ನಿಜವಾದ ಓಟದಲ್ಲಿ ಇದರ ಒಂದು ಭಾಗ ಮಾತ್ರ ಬಳಕೆಗೆ ಸಿಕ್ಕರೂ, ಅದೇ ಹೊತ್ತಿನಲ್ಲಿ ಒಂಟಿ ಕಾಲಮ್ ಕೊಡುವುದಕ್ಕಿಂತ ಬಹಳ ಹೆಚ್ಚು.

ಹೆಜ್ಜೆ 4: ಮಾಡ್ಯುಲೇಟರ್ ಹದ

ಶೀತ-ಉಷ್ಣ ಜೆಟ್‌ಗಳ ಮಾಡ್ಯುಲೇಟರ್‌ನಲ್ಲಿ ದ್ರವ ಸಾರಜನಕದಿಂದ ತಣಿಸಿದ ಅನಿಲ ಘಟಕಗಳನ್ನು ಹಿಡಿದು ನಿಲ್ಲಿಸುತ್ತದೆ, ಬಿಸಿ ಅನಿಲ ಅವನ್ನು ಒಮ್ಮೆಗೆ ಬಿಡುಗಡೆ ಮಾಡುತ್ತದೆ. ಒಂದು ಘಟಕವನ್ನು ಹಿಡಿಯಲು ಅದು ಕಾಲಮ್‌ನಿಂದ ಹೊರಬರುವ ತಾಪಮಾನಕ್ಕಿಂತ ಸುಮಾರು ನೂರು ಡಿಗ್ರಿ ಕಡಿಮೆ ಸಾಕಾಗುತ್ತದೆ. ಹಿಡಿತ ಸಾಲದಿದ್ದರೆ ಹಗುರ ಘಟಕಗಳು ಚುಕ್ಕೆಯಾಗುವ ಬದಲು ಎರಡನೇ ಆಯಾಮದ ಉದ್ದಕ್ಕೂ ಗೀರಾಗಿ ಎಳೆದುಕೊಳ್ಳುತ್ತವೆ. ಅಂಥ ಗೀರು ಚಿತ್ರದ ಎಡಭಾಗದಲ್ಲಿ ಮಾತ್ರ ಕಂಡರೆ ಶೀತ ಸಾಲದು ಎಂದರ್ಥ. ಬಲಭಾಗದಲ್ಲಿ, ಭಾರದ ಘಟಕಗಳಿಗೆ ಮಾತ್ರ ಬಾಲ ಬಂದರೆ ಬಿಸಿ ಸಾಲದು. ಹಿಡಿದದ್ದು ಪೂರ್ತಿ ಬಿಡುಗಡೆಯಾಗದೆ ಮುಂದಿನ ಸುತ್ತಿಗೆ ಸೋರುತ್ತಿದೆ. ಬಿಸಿ ಜೆಟ್‌ನ ಹೊತ್ತನ್ನು ಓಟದ ಉತ್ತರಾರ್ಧದಲ್ಲಿ ಸ್ವಲ್ಪ ಹೆಚ್ಚಿಸಿ. ಮಾಡ್ಯುಲೇಟರ್‌ನ ತಾಪಮಾನ ಎರಡನೇ ಕಾಲಮ್‌ಗೆಂದೇ ಇರುವ ಎರಡನೇ ಓವನ್‌ಗಿಂತ 15 ಡಿಗ್ರಿಯಷ್ಟು ಮೇಲಿರುವುದು ಒಳ್ಳೆಯ ಆರಂಭ.

ದ್ರವ ಸಾರಜನಕವನ್ನು ಕೊಂಡು ತರಬೇಕು, ತಂದ ಮೇಲೂ ಅದು ಸುಮ್ಮನೆ ಆವಿಯಾಗುತ್ತಿರುತ್ತದೆ. ಸಿಲಿಂಡರ್ ತುಂಬಿದ ದಿನದಿಂದ ಮಾದರಿಗಳನ್ನು ಒಂದರ ಹಿಂದೊಂದು ಓಡಿಸುವಂತೆ ಯೋಜಿಸಿಕೊಳ್ಳಿ. ಇದು ಕಷ್ಟವೆನಿಸಿದರೆ ಹರಿವಿನ ಮಾಡ್ಯುಲೇಟರ್ ಇದೆ. ಅದಕ್ಕೆ ಶೀತವೇ ಬೇಡ, ಹಗುರ ಘಟಕಗಳನ್ನೂ ಬಿಡದೆ ಹೋಳು ಮಾಡುತ್ತದೆ. ಆದರೆ ಎರಡನೇ ಕಾಲಮ್‌ನಲ್ಲಿ ಹರಿವು ನಿಮಿಷಕ್ಕೆ 20 ಮಿಲಿಲೀಟರ್‌ನಷ್ಟಿರುತ್ತದೆ. ಜ್ವಾಲೆಯಲ್ಲಿ ಉರಿಸಿ ಅಳೆಯುವ ಎಫ್‌ಐಡಿ ಡಿಟೆಕ್ಟರ್ ಅದನ್ನು ತಡೆದುಕೊಳ್ಳುತ್ತದೆ, ಅಣುಗಳ ದ್ರವ್ಯರಾಶಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ನ ನಿರ್ವಾತ ತಡೆಯುವುದಿಲ್ಲ. ಹರಿವನ್ನು ಸೀಳಿ ಒಂದು ಪಾಲನ್ನು ಮಾತ್ರ ಅದಕ್ಕೆ ಕೊಡಬೇಕಾಗುತ್ತದೆ.

ಕರಾವಳಿಯಲ್ಲಿ ಇನ್ನೊಂದು ಶತ್ರುವಿದೆ: ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರಯೋಗಾಲಯದ ಗಾಳಿಯೇ ನೀರು. ಶೀತ ಜೆಟ್‌ನ ಬಾಯಿಯಲ್ಲಿ ಮಂಜು ಕಟ್ಟಿದರೆ ಓಟದ ನಡುವೆ ಪೀಕ್‌ಗಳು ಮೆಲ್ಲನೆ ಅಗಲವಾಗತೊಡಗುತ್ತವೆ, ಕಾರಣ ಹೊಳೆಯುವುದಿಲ್ಲ. ಜೆಟ್‌ಗೆ ಹೋಗುವ ಅನಿಲ ಒಣಗಿಸುವ ಕೊಳವೆಯನ್ನು ದಾಟಿಯೇ ಬರಲಿ. ಆ ಕೊಳವೆಯ ಸಿಲಿಕಾ ಜೆಲ್‌ನ ಬಣ್ಣವನ್ನು ಮಳೆಗಾಲದಲ್ಲಿ ದಿನವೂ ನೋಡಿ. ಕೋಣೆಯ ತೇವ ತೆಗೆಯುವ ಯಂತ್ರವನ್ನು ರಾತ್ರಿಯೂ ಓಡಿಸಿ. ಗುಡುಗಿನ ಸಂಜೆಗಳಲ್ಲಿ ವಿದ್ಯುತ್ ಕೈಕೊಡುವುದುಂಟು. ಯುಪಿಎಸ್ ಓವನ್ ಒಂದಕ್ಕೇ ಅಲ್ಲ, ಮಾಡ್ಯುಲೇಟರ್‌ನ ಪಂಪು ಮತ್ತು ನಿರ್ವಾತ ಪಂಪುಗಳಿಗೂ ಸಾಕಾಗುವಂಥದ್ದಿರಲಿ.

ಹೆಜ್ಜೆ 5: ಎರಡನೇ ಆಯಾಮ ಮತ್ತು ಸುತ್ತಿಬರುವ ಪೀಕ್

ಒಂದೂವರೆ ಮೀಟರ್ ಕಾಲಮ್‌ನಲ್ಲಿ ಅನಿಲದ ವೇಗ ಸೆಕೆಂಡಿಗೆ 1.2 ಮೀಟರ್ ಇದ್ದರೆ, ಎಲ್ಲೂ ತಡೆಯದೆ ಹರಿದು ಬರುವ ಅಣುವಿಗೂ 1.25 ಸೆಕೆಂಡು ಬೇಕು. ಅಂದರೆ 4 ಸೆಕೆಂಡಿನ ಕಿಟಕಿಯಲ್ಲಿ ಉಪಯೋಗಕ್ಕೆ ಸಿಗುವುದು 2.75 ಸೆಕೆಂಡು. ಇದರೊಳಗೆ ಮುಗಿಯದ ಘಟಕ ಮುಂದಿನ ಕಿಟಕಿಯಲ್ಲಿ ಬಂದು ಕೂರುತ್ತದೆ. ಮಲ್ಲಿಗೆಯಲ್ಲಿ ಈ ಪಾತ್ರ ಸಾಮಾನ್ಯವಾಗಿ ಇಂಡೋಲ್‌ನದು. ಮೀಥೈಲ್ ಆಂತ್ರನಿಲೇಟ್ ಕೂಡ ಹಾಗೆ ಮಾಡಬಹುದು.

ಇಂಡೋಲ್ ನಿಜವಾಗಿ 4.9 ಸೆಕೆಂಡಿಗೆ ಬರುತ್ತಿದೆಯೆನ್ನಿ. ಚಿತ್ರದಲ್ಲಿ ಅದು 0.9 ಸೆಕೆಂಡಿನಲ್ಲಿ, ಹೈಡ್ರೋಕಾರ್ಬನ್‌ಗಳ ಸಾಲಿಗಿಂತಲೂ ಕೆಳಗೆ ಕಾಣಿಸುತ್ತದೆ. 1.25 ಸೆಕೆಂಡಿಗೆ ಮೊದಲು ಯಾವುದೂ ಬರಲು ಸಾಧ್ಯವಿಲ್ಲವಾದ್ದರಿಂದ, ಆ ಖಾಲಿ ಪಟ್ಟಿಯಲ್ಲಿ ಕಂಡದ್ದೆಲ್ಲ ಸುತ್ತಿಬಂದದ್ದೇ. ಸಂದೇಹವಿದ್ದರೆ ಅವಧಿಯನ್ನು 4.5 ಸೆಕೆಂಡಿಗೆ ಬದಲಿಸಿ ಮತ್ತೊಮ್ಮೆ ಓಡಿಸಿ. ನೆಟ್ಟಗೆ ಬಂದ ಪೀಕ್‌ಗಳು ಇದ್ದಲ್ಲೇ ಇರುತ್ತವೆ; ಇಂಡೋಲ್ ಮಾತ್ರ 0.4ಕ್ಕೆ ಜಾರುತ್ತದೆ. ಇಷ್ಟು ಸುಲಭವಾಗಿ, ಇಷ್ಟು ಖಚಿತವಾಗಿ ಉತ್ತರ ಕೊಡುವ ಪರೀಕ್ಷೆ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ. ಪ್ರತಿ ಹೊಸ ವಿಧಾನಕ್ಕೂ ಇದನ್ನು ಮಾಡಿಯೇ ಮುಂದೆ ಹೋಗಿ.

ಸುತ್ತಿಬಂದದ್ದನ್ನೆಲ್ಲ ಸರಿಪಡಿಸಲೇಬೇಕೆಂದಿಲ್ಲ. ಖಾಲಿ ಪಟ್ಟಿಯಲ್ಲಿ ಒಂಟಿಯಾಗಿ ಕೂತ ಇಂಡೋಲ್ ಯಾರಿಗೂ ಅಡ್ಡಿಯಲ್ಲ, ಬಿಟ್ಟುಬಿಡಿ. ಬೇರೊಂದರ ಮೇಲೆ ಬಿದ್ದರೆ ಮಾತ್ರ ಎರಡನೇ ಓವನ್‌ನ ತಾಪಮಾನವನ್ನು ಮೊದಲನೆಯದಕ್ಕಿಂತ 5ರಿಂದ 20 ಡಿಗ್ರಿ ಮೇಲಕ್ಕೆ ಏರಿಸಿ ನೋಡಿ. ಮೊದಲ ಓವನ್ 230ಕ್ಕೆ ನಿಂತಾಗ ಎರಡನೆಯದು ವ್ಯಾಕ್ಸ್‌ನ ಮಿತಿ ದಾಟಬಾರದೆಂಬ ಎಚ್ಚರ ಇರಲಿ. ಏರಿಸಿದಷ್ಟೂ ಇಂಡೋಲ್ ಬೇಗ ಬರುತ್ತದೆ, ಜೊತೆಗೆ ಲಿನಲೂಲ್ ಮತ್ತು ನೋನನಾಲ್ ನಡುವಿನ ಅಂತರವೂ ಕಿರಿದಾಗುತ್ತದೆ. ಆ ಅಂತರಕ್ಕಾಗಿಯೇ ಇಷ್ಟೆಲ್ಲ ಮಾಡಿದ್ದು, ಆದ್ದರಿಂದ ಅದು ಮುಚ್ಚುವ ಮೊದಲೇ ನಿಲ್ಲಿಸಿ, ಕಾಲಮ್ ಅನ್ನು ಒಂದು ಮೀಟರಿಗೆ ಕತ್ತರಿಸುವ ಯೋಚನೆ ಮಾಡಿ.

ಇಲ್ಲೊಂದು ಗಂಟು ಇದೆ. ಓವನ್‌ನ ಏರಿಕೆಯನ್ನು ನಿಧಾನಗೊಳಿಸಿದರೆ ಮೊದಲ ಆಯಾಮದ ಪೀಕ್ ಅಗಲವಾಗಿ ಹೋಳುಗಳು ಹೆಚ್ಚುತ್ತವೆ, ಸರಿ. ಆದರೆ ಘಟಕಗಳು ಕಡಿಮೆ ತಾಪಮಾನದಲ್ಲೇ ಹೊರಬರುವುದರಿಂದ ಎರಡನೇ ಕಾಲಮ್‌ನಲ್ಲಿ ಹೆಚ್ಚು ಹೊತ್ತು ಸಿಕ್ಕಿಕೊಂಡು, ಸುತ್ತಿಬರುವುದೂ ಹೆಚ್ಚುತ್ತದೆ. ಒಂದನ್ನು ತಿದ್ದಿದಾಗ ಇನ್ನೊಂದು ಕೆಡುತ್ತದೆ. ಆದ್ದರಿಂದ ಮೊದಲು ಏರಿಕೆ, ಆಮೇಲೆ ಅವಧಿ, ಕೊನೆಗೆ ಎರಡನೇ ಓವನ್ ಎಂಬ ಕ್ರಮವನ್ನು ಮುರಿಯಬೇಡಿ. ಒಂದು ಓಟದಲ್ಲಿ ಒಂದನ್ನೇ ಬದಲಿಸಿ.

ಹರಿವಿನಲ್ಲಿಯೂ ರಾಜಿಯೇ. ಒಂದೇ ಅನಿಲ ಎರಡು ಬೇರೆ ಒಳವ್ಯಾಸಗಳಲ್ಲಿ ಹರಿಯುವಾಗ, ಅಗಲದ ಕಾಲಮ್ ತನಗೆ ಒಪ್ಪುವ ವೇಗಕ್ಕಿಂತ ನಿಧಾನವಾಗಿಯೂ ಕಿರಿದಾದದ್ದು ಹೆಚ್ಚು ವೇಗವಾಗಿಯೂ ಓಡುತ್ತದೆ. ಎರಡನೆಯದನ್ನು 0.15 ಅಥವಾ 0.18 ಮಿಲಿಮೀಟರ್‌ಗೆ ಹಿಗ್ಗಿಸಿದರೆ ಈ ಎಳೆದಾಟ ಕಡಿಮೆಯಾಗುತ್ತದೆ, ಹೊರೆ ಹೊರುವ ಶಕ್ತಿಯೂ ಹೆಚ್ಚುತ್ತದೆ. ಮಲ್ಲಿಗೆಗೆ ಇದು ಬಹಳ ಉಪಯುಕ್ತ, ಏಕೆಂದರೆ ಲಿನಲೂಲ್ ಮತ್ತು ಬೆಂಜೈಲ್ ಅಸಿಟೇಟ್ ಉಳಿದವುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಮಾಡ್ಯುಲೇಟರ್ ಅವನ್ನು ಒತ್ತಿ ಕಿರಿದಾಗಿಸಿದಾಗ ಪೀಕ್ ಹಲವು ಪಟ್ಟು ಎತ್ತರವಾಗುತ್ತದೆ. 0.1 ಮಿಲಿಮೀಟರ್ ಕಾಲಮ್ ಅಷ್ಟನ್ನು ಹೊರಲಾರದೆ ಪೀಕ್ ಓರೆಯಾಗಿ ವಾಲುತ್ತದೆ. ಆಗ ಮಾಡಬೇಕಾದ ಮೊದಲ ಕೆಲಸ ಎಸ್‌ಪಿಎಂಇ ಹೀರುವ ಹೊತ್ತನ್ನು ಇಳಿಸುವುದು. ಕಾಲಮ್ ಬದಲಿಸುವುದು ಆಮೇಲೆ.

ಹೀಲಿಯಂ ದುಬಾರಿಯೆಂದು ಹೈಡ್ರೋಜನ್‌ಗೆ ಹೋಗುವವರು ಗಾಳಿಯಲ್ಲಿ ಅದು 4% ಸೇರಿದರೇ ಹೊತ್ತಿಕೊಳ್ಳಬಲ್ಲದೆಂಬುದನ್ನು ಮರೆಯಬಾರದು. ಓವನ್‌ನೊಳಗೆ ಸೋರಿಕೆಯ ಸೆನ್ಸರ್ ಇಲ್ಲದೆ ಬೇಡವೇ ಬೇಡ.

ಹೆಜ್ಜೆ 6: ಡಿಟೆಕ್ಟರ್

ಎರಡನೇ ಆಯಾಮದ ಪೀಕ್ 0.1 ಸೆಕೆಂಡು ಅಗಲವಿದ್ದು, ಅದರ ಆಕಾರ ಸರಿಯಾಗಿ ಮೂಡಲು ಹತ್ತು ಬಿಂದುಗಳಾದರೂ ಬೇಕೆಂದರೆ ಸೆಕೆಂಡಿಗೆ ನೂರು ಅಳತೆ. ಎಫ್‌ಐಡಿಗೆ ಇದು ಸಲೀಸು. ಟೈಮ್ ಆಫ್ ಫ್ಲೈಟ್ ಮಾಸ್ ಸ್ಪೆಕ್ಟ್ರೋಮೀಟರ್‌ಗೂ ಸಲೀಸು. ಅದಕ್ಕಿಂತ ನಿಧಾನವಾದ ಕ್ವಾಡ್ರುಪೋಲ್ ಮಾಸ್ ಸ್ಪೆಕ್ಟ್ರೋಮೀಟರ್ ಮಾತ್ರ ಇರುವವರು ಅಳೆಯುವ ದ್ರವ್ಯರಾಶಿಯ ವ್ಯಾಪ್ತಿಯನ್ನು ಕುಗ್ಗಿಸಿ, ಮಲ್ಲಿಗೆಗೆ 40ರಿಂದ 250 ಸಾಕು, ವೇಗ ಹೆಚ್ಚಿಸಿಕೊಳ್ಳಬಹುದು. ಹೆಸರು ಹಿಡಿಯಲು ಅದು ಸಾಕಾಗುತ್ತದೆ. ಪ್ರಮಾಣದ ಲೆಕ್ಕಕ್ಕೆ ಎಫ್‌ಐಡಿಯನ್ನೇ ನಂಬಿ.

ಹೆಜ್ಜೆ 7: ಚಿತ್ರ ಓದುವುದು, ಲೆಕ್ಕ ಮಾಡುವುದು

ತಂತ್ರಾಂಶ ಉದ್ದನೆಯ ಒಂದೇ ಗೆರೆಯನ್ನು ಅವಧಿಯ ಅಳತೆಗೆ ಕತ್ತರಿಸಿ ಪಕ್ಕಪಕ್ಕದಲ್ಲಿ ನಿಲ್ಲಿಸಿ ನಕಾಶೆ ಮಾಡುತ್ತದೆ. ಒಂದು ಘಟಕದ ಮೂರು-ನಾಲ್ಕು ಹೋಳುಗಳನ್ನು ಕೂಡಿಸಿ ಒಂದು ಪೀಕ್ ಎಂದು ಲೆಕ್ಕ ಹಾಕುವುದೂ ಅದರ ಕೆಲಸವೇ. ತಪ್ಪುವುದು ಇಲ್ಲೇ: ಎರಡು ನೆರೆಯ ಘಟಕಗಳ ಹೋಳುಗಳನ್ನು ಒಂದೆಂದು ಕೂಡಿಸುತ್ತದೆ, ಇಲ್ಲವೇ ಒಂದರ ಹೋಳುಗಳನ್ನು ಎರಡೆಂದು ಒಡೆಯುತ್ತದೆ. ದೊಡ್ಡ ಇಪ್ಪತ್ತು ಪೀಕ್‌ಗಳನ್ನಾದರೂ ಮೂಲ ಗೆರೆಗೆ ಹಿಂದಿರುಗಿ, ಹೋಳು ಹೋಳಾಗಿ ಕಣ್ಣಾರೆ ನೋಡಿ. ಬಣ್ಣದ ಮಾಪಕವನ್ನು ಎತ್ತರದಲ್ಲಿಟ್ಟರೆ ಲಿನಲೂಲ್ ಒಂದೇ ಕಂಡು, ನೀವು ಹುಡುಕುತ್ತಿದ್ದ ಸಣ್ಣ ಘಟಕಗಳು ನೀಲಿಯಲ್ಲಿ ಮುಳುಗುತ್ತವೆ. ಒಂದೇ ಓಟವನ್ನು ಎರಡು ಮಾಪಕಗಳಲ್ಲಿ ನೋಡುವ ಅಭ್ಯಾಸ ಬೇಕು.

ಹೆಸರಿಡುವಾಗ ಮಾಸ್ ಸ್ಪೆಕ್ಟ್ರೋಮೀಟರ್ ಕೊಡುವ ರೋಹಿತದ ಹೋಲಿಕೆಯೊಂದನ್ನೇ ನಂಬಬೇಡಿ. ಆಲ್ಫಾ ಫಾರ್ನೆಸೀನ್‌ನಂಥ ಸೆಸ್ಕ್ವಿಟರ್ಪೀನ್‌ಗಳ ರೋಹಿತಗಳು ಅಣ್ಣತಮ್ಮಂದಿರಂತೆ ಒಂದೇ ಮುಖ ತೋರಿಸುತ್ತವೆ. ಆಲ್ಕೇನ್ ಸರಣಿಯಿಂದ ಲೆಕ್ಕ ಹಾಕಿದ ಸೂಚ್ಯಂಕವೂ, ಎರಡನೇ ಆಯಾಮದಲ್ಲಿ ನಿಂತ ಪಟ್ಟಿಯೂ ಹೊಂದಿದಾಗ ಮಾತ್ರ ಹೆಸರು ಬರೆಯಿರಿ. ಆ ಆಲ್ಕೇನ್ ಸರಣಿಯನ್ನು ಪ್ರತಿ ಮಾದರಿ ಗುಂಪಿನ ಮೊದಲೂ ಕೊನೆಗೂ ಓಡಿಸಬೇಕು. ಎರಡೂ ಓಟಗಳಲ್ಲಿ ಒಂದೇ ಆಲ್ಕೇನ್‌ನ ಎರಡನೇ ಆಯಾಮದ ಸಮಯ ಸರಿದಿದ್ದರೆ ಸಂದಿಯಲ್ಲಿ ಸೋರಿಕೆ ಅಥವಾ ಸವೆದ ವ್ಯಾಕ್ಸ್ ಇದೆ. ಆ ಗುಂಪಿನ ಫಲಿತಾಂಶವನ್ನು ತಡೆಹಿಡಿಯಿರಿ.

ಮಾದರಿ ಬದಲಾದರೆ

ಬೂತಾಯಿ ಮೀನಿನ ಎಣ್ಣೆಗೂ ಇದೇ ಕ್ರಮ. ಕೊಬ್ಬಿನ ಆಮ್ಲಗಳನ್ನು ಮೀಥೈಲ್ ಎಸ್ಟರ್ ಮಾಡಿ ಚುಚ್ಚಿದಾಗ ಮೊದಲ ಆಯಾಮದಲ್ಲಿ ಇಂಗಾಲದ ಸಂಖ್ಯೆಗೆ ತಕ್ಕ ಗುಂಪುಗಳು, ಎರಡನೆಯದರಲ್ಲಿ ಜೋಡಿಬಂಧ ಹೆಚ್ಚಿದಂತೆ ಮೇಲೇರುವ ಸಾಲುಗಳು ಮೂಡುತ್ತವೆ. ಐದು ಜೋಡಿಬಂಧಗಳ ಇಪಿಎ ಎಂಬ ಕೊಬ್ಬಿನ ಆಮ್ಲ ಇಪ್ಪತ್ತು ಇಂಗಾಲಗಳ ಗುಂಪಿನ ತುದಿಯಲ್ಲಿ, ಆರರ ಡಿಎಚ್‌ಎ ಇಪ್ಪತ್ತೆರಡರ ಗುಂಪಿನ ತುದಿಯಲ್ಲಿ ನಿಲ್ಲುತ್ತವೆ. ಭಾರದ ಎಸ್ಟರ್‌ಗಳಾದ್ದರಿಂದ ಬಿಸಿ ಜೆಟ್‌ನ ಹೊತ್ತನ್ನು ಮಲ್ಲಿಗೆಗಿಂತ ಹೆಚ್ಚಿಡಿ. ಬಿಡಿಸಿದ ಎಣ್ಣೆಯನ್ನು ಗಾಳಿಗೆ ಒಡ್ಡದೆ, ಸಾರಜನಕದ ಕೆಳಗೆ, ತಣ್ಣಗೆ ಇಡಿ. ಈ ಎರಡು ಆಮ್ಲಗಳೇ ಮೊದಲು ಕೆಡುವುದು.

ಮಂಗಳೂರಿನ ರಿಫೈನರಿಯಂಥ ಕಡೆ ದಿನನಿತ್ಯ ಎದುರಾಗುವ ಡೀಸೆಲ್ ಬೇರೆಯೇ ಯೋಚನೆ ಕೇಳುತ್ತದೆ. ಅಲ್ಲಿ ಆರೊಮ್ಯಾಟಿಕ್‌ಗಳನ್ನು ಒಂದು, ಎರಡು, ಮೂರು ಉಂಗುರಗಳ ಪಟ್ಟಿಗಳಾಗಿ ಎಣಿಸುವುದು ಉದ್ದೇಶವಾದರೆ ಮೇಲಿನ ಜೋಡಿಯ ಕ್ರಮವೇ ಇರಲಿ, ಎರಡನೆಯದು ಮಾತ್ರ ಬಿಸಿ ತಾಳುವ 50% ಫೀನೈಲ್ ಆಗಲಿ. ಪ್ಯಾರಫಿನ್ (ಸರಪಳಿ ಹೈಡ್ರೋಕಾರ್ಬನ್) ಮತ್ತು ನ್ಯಾಫ್ತೀನ್‌ಗಳನ್ನು (ಆರೊಮ್ಯಾಟಿಕ್ ಅಲ್ಲದ ಉಂಗುರದವು) ಬಿಡಿಸುವುದು ಮುಖ್ಯವಾದರೆ ಜೋಡಿಯನ್ನು ತಿರುವಿ: ಧ್ರುವೀಯ ಕಾಲಮ್ ಮೊದಲು, ಅಧ್ರುವೀಯ ಆಮೇಲೆ. ಆಗ ಕೆಳಗೆ ಒತ್ತಿಕೊಂಡಿದ್ದ ಪ್ಯಾರಫಿನ್‌ಗಳು ಮೇಲಕ್ಕೇರಿ ನಕಾಶೆಯ ವಿಶಾಲ ಭಾಗವನ್ನು ಪಡೆಯುತ್ತವೆ. ಜೋಡಿ ತಿರುವಿದ ಮೇಲೆ ಮೂರನೇ ಹೆಜ್ಜೆಯಿಂದಲೇ ಮತ್ತೆ ಆರಂಭಿಸಿ, ಏಕೆಂದರೆ ಮೊದಲ ಕಾಲಮ್ ಬೇರೆಯಾದೊಡನೆ ಪೀಕ್‌ನ ಅಗಲವೂ ಬೇರೆಯಾಗಿರುತ್ತದೆ.